ಲೇಸರ್ ಹೆಲ್ಮೆಟ್ ಹಾಕ್ಕೊಂಡ್ರೆ ತಲೆಗೆ ಏನಾದ್ರೂ ಆಗುತ್ತಾ ಡಾಕ್ಟ್ರೇ?

ಪ್ರಶ್ನೆ: ಡಾಕ್ಟ್ರೇ, ನಂಗೆ 34 ವರ್ಷ. ಎರಡು ವರ್ಷದಿಂದ ಬೈತಲೆ ಅಗಲ ಆಗ್ತಾ ಬಂದಿದೆ. ಆನ್‌ಲೈನಲ್ಲಿ ಕೆಂಪು ಲೈಟಿನ ಲೇಸರ್ ಹೆಲ್ಮೆಟ್ ತರಿಸ್ಕೊಂಡೆ. ಅದ್ರಲ್ಲಿ 25 ನಿಮಿಷ, ವಾರಕ್ಕೆ ಮೂರು ಸಲ ಅಂತ ಬರ್ದಿದೆ, ಆದ್ರೆ ಬೇಗ ರಿಸಲ್ಟ್ ಬರ್ಲಿ ಅಂತ ನಾನು ದಿನಾ 45 ನಿಮಿಷ ಹಾಕ್ಕೊಳ್ತಿದೀನಿ. ಮೂರು ವಾರ ಆಯ್ತು, ಈಗ ಮೊದಲಿಗಿಂತ ಜಾಸ್ತಿ ಉದುರ್ತಿದೆ, ನೆತ್ತಿ ಕೆರೆತ ಬೇರೆ. ಅಮ್ಮ ಮಿದುಳಿಗೆ ಏನಾದ್ರೂ ಆಗುತ್ತೆ ಬಿಸಾಕು ಅಂತಾರೆ, ಫ್ರೆಂಡ್ ಒಬ್ಬಳು ಕ್ಯಾನ್ಸರ್ ಬರುತ್ತೆ ಅಂದ್ಲು. ಮೊಡವೆಗೆ ಡಾಕ್ಸಿಸೈಕ್ಲಿನ್ ಮಾತ್ರೆ ತಗೊಳ್ತಿದೀನಿ, ಮೂರು ತಿಂಗಳ ಹಿಂದೆ ಜೋರು ಜ್ವರ ಬಂದು ಹತ್ತು ದಿನ ಮಲಗಿದ್ದೆ, ಈಗ ಆರಾಮಿದೀನಿ. ಹೆಲ್ಮೆಟ್ ನಿಲ್ಲಿಸ್ಲಾ? ನಮ್ಮ ಯಜಮಾನ್ರೂ ಅದನ್ನೇ ಹಾಕ್ಕೋಬಹುದಾ?

ಉತ್ತರ: ಮೊದ್ಲು ಸಮಾಧಾನ ಮಾಡ್ಕೊಳ್ಳಿ, ಮಿದುಳಿಗೆ ಏನೂ ಆಗಿಲ್ಲ. ಹೆಲ್ಮೆಟ್ಟನ್ನ ಸದ್ಯಕ್ಕೆ ಒಂದು ಕಡೆ ಎತ್ತಿಡಿ, ಬಿಸಾಕೋದೇನೂ ಬೇಡ. ಯಾಕೆ ಎತ್ತಿಡ್ಬೇಕು ಅಂತ ಹೇಳ್ತೀನಿ, ಅದಕ್ಕೆ ಕಾರಣ ನಿಮ್ಮಮ್ಮ ಹೇಳಿದ್ದೂ ಅಲ್ಲ, ನಿಮ್ಮ ಫ್ರೆಂಡ್ ಹೇಳಿದ್ದೂ ಅಲ್ಲ, ನೀವೇ ಕೊನೇಲಿ ಸುಮ್ನೆ ಹಾಗೇ ಬರ್ದುಬಿಟ್ಟಿರೋ ಆ ಜ್ವರದ ಸಾಲು.

ಕ್ಯಾನ್ಸರಿಂದ ಶುರು ಮಾಡೋಣ, ಯಾಕಂದ್ರೆ ಈ ಚಿಕಿತ್ಸೆ ಹುಟ್ಟಿದ್ದೇ ಆ ಪ್ರಶ್ನೆಯಿಂದ. ಮೊದಲ ಲೇಸರ್ ಬಂದಿದ್ದು 1960ರಲ್ಲಿ. ಅದಾದ ಕೆಲವು ವರ್ಷಕ್ಕೆ ಹಂಗೇರಿಯ ಬುಡಾಪೆಸ್ಟ್‌ನಲ್ಲಿ ಎಂಡ್ರೆ ಮೆಸ್ಟರ್ ಅನ್ನೋ ವೈದ್ಯರಿಗೆ ಲೇಸರ್ ಬಿದ್ರೆ ಕ್ಯಾನ್ಸರ್ ಬರುತ್ತಾ ಅಂತ ಇದೇ ಅನುಮಾನ ಬಂತು. 1967ರ ಹೊತ್ತಿಗೆ ಇಲಿಗಳ ಬೆನ್ನು ಬೋಳಿಸಿ, ಕಮ್ಮಿ ಪವರಿನ ಕೆಂಪು ರೂಬಿ ಲೇಸರ್ ಬಿಟ್ಟು ನೋಡಿದ್ರು. ಕ್ಯಾನ್ಸರ್ ಬರ್ಲಿಲ್ಲ, ಬದಲಿಗೆ ಬೆಳಕು ಬಿದ್ದ ಇಲಿಗಳಿಗೆ ಬೋಳಿಸಿದ ಜಾಗದಲ್ಲಿ ಕೂದಲು ಬೇಗ ಬಂತು. ಅವರು ಹುಡುಕ್ತಾ ಹೋಗಿದ್ದು ಒಂದು, ಸಿಕ್ಕಿದ್ದು ಇನ್ನೊಂದು. ಇವತ್ತು ನಿಮ್ಮ ಮೇಜಿನ ಮೇಲಿರೋ ಹೆಲ್ಮೆಟ್ಟಿನ ಮೂಲ ಆ ಇಲಿಗಳು ಅಂದ್ರೂ ನಡೀತದೆ.

ಇಲೀಲಿ ಬರ್ಲಿಲ್ಲ ಅಂದ ಮಾತ್ರಕ್ಕೆ ಮನುಷ್ಯರಿಗೂ ಬರಲ್ಲ ಅಂತ ಹೇಳೋಕಾಗಲ್ಲ, ಸರಿ. ಆದ್ರೆ ಬೆಳಕಿನ ಲೆಕ್ಕಾನೇ ನೋಡಿ. ಚರ್ಮದ ಕ್ಯಾನ್ಸರಿಗೆ ದಾರಿ ಮಾಡೋದು ಬಿಸಿಲಲ್ಲಿರೋ ಅಲ್ಟ್ರಾವಯಲೆಟ್, ಅಂದ್ರೆ ತರಂಗಾಂತರ (ಬೆಳಕಿನ ಅಲೆಯ ಉದ್ದ) 400 ನ್ಯಾನೋಮೀಟರಿಗಿಂತ ಕೆಳಗಿಂದು. 300 ನ್ಯಾನೋಮೀಟರಿನ ಒಂದು ಫೋಟಾನಿಗೆ, ಅಂದ್ರೆ ಬೆಳಕಿನ ಕಣಕ್ಕೆ, ಸುಮಾರು 4.1 ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಇರುತ್ತೆ, ಅದು ನೇರವಾಗಿ ಡಿಎನ್ಎ ಕೆಡಿಸುತ್ತೆ. ನಿಮ್ಮ ಹೆಲ್ಮೆಟ್ಟಿನ ಬೆಳಕು ಸಾಮಾನ್ಯವಾಗಿ 650 ನ್ಯಾನೋಮೀಟರ್ ಆಸುಪಾಸು, ಅದರ ಫೋಟಾನಿಗೆ ಬರೀ 1.9. ಡಿಎನ್ಎ ಮುರಿಯೋ ತಾಕತ್ತು ಅದಕ್ಕಿಲ್ಲ, ನೀವು ಮೂರು ವಾರ ಅಲ್ಲ ಮೂರು ವರ್ಷ ಕೂತ್ರೂ ಈ ಲೆಕ್ಕ ಬದಲಾಗಲ್ಲ. ಒಂದು ಕಡೆ ಮಾತ್ರ ಹುಷಾರಾಗಿರ್ತೀವಿ, ನೆತ್ತಿ ಮೇಲೆ ಈಗಾಗ್ಲೇ ಚರ್ಮದ ಕ್ಯಾನ್ಸರ್ ಇದ್ರೆ, ಇಲ್ಲಾ ಕ್ಯಾನ್ಸರಿಗೆ ಮುಂಚಿನ ಒರಟು ಹುರುಪೆ ಥರದ ಮಚ್ಚೆ ಇದ್ರೆ ಅದರ ಮೇಲೆ ಈ ಬೆಳಕು ಬಿಡಲ್ಲ. ಜೀವಕೋಶನ ಚುರುಕು ಮಾಡೋದೇ ಇದರ ಕೆಲಸ, ಕೆಟ್ಟ ಕೋಶನೂ ಚುರುಕಾಗಿಬಿಟ್ರೆ ಏನು ಕಥೆ ಅನ್ನೋ ಭಯ, ಅಷ್ಟೇ. ವಯಸ್ಸಾದ, ಬೋಳು ನೆತ್ತಿ ವರ್ಷಗಟ್ಟಲೆ ಬಿಸಿಲಿಗೆ ಬಿದ್ದಿರೋರು ಹೆಲ್ಮೆಟ್ ತಗೊಳ್ಳೋ ಮುಂಚೆ ಒಮ್ಮೆ ನೆತ್ತಿ ತೋರಿಸ್ಕೊಂಡು ಬರೋದು ಒಳ್ಳೇದು.

ಮಿದುಳಿನ ವಿಷ್ಯ. ಮೊಬೈಲ್ ಟಾರ್ಚ್ ಆನ್ ಮಾಡಿ ಬೆರಳ ತುದೀನ ಅದರ ಮೇಲೆ ಒತ್ತಿ ಹಿಡೀರಿ, ಬೆರಳು ಕೆಂಪಗೆ ಹೊಳೆಯುತ್ತೆ ಅಲ್ವಾ, ಬಿಳಿ ಬೆಳಕಲ್ಲಿರೋ ನೀಲಿ ಹಸಿರೆಲ್ಲ ರಕ್ತ ಹೀರ್ಕೊಂಡು ಕೆಂಪು ಮಾತ್ರ ದಾಟಿ ಬರುತ್ತೆ. ಕೂದಲಿಗೆ ಕೆಂಪು ಬೆಳಕನ್ನೇ ಆರಿಸಿರೋದು ಅದಕ್ಕೇ. ಕೂದಲ ಬುಡ ಚರ್ಮದಿಂದ 3-5 ಮಿಲಿಮೀಟರ್ ಒಳಗಿರುತ್ತೆ, ಅಲ್ಲಿಗೆ ಈ ಬೆಳಕಲ್ಲಿ ಒಂದಷ್ಟು ಮುಟ್ಟುತ್ತೆ. ಅಲ್ಲಿಂದ ಆಚೆ ಇನ್ನಷ್ಟು ಮಾಂಸ, ಆಮೇಲೆ ಮೂಳೆ, ಮೂಳೆ ಕೆಳಗೆ ಪೊರೆಗಳು. ಒಂದೊಂದು ಲೇಸರ್ ಬಿಂದುವಿನ ಪವರ್ ಸಾಮಾನ್ಯವಾಗಿ 5 ಮಿಲಿವ್ಯಾಟ್ ಇಲ್ಲಾ ಅದಕ್ಕಿಂತ ಕಮ್ಮಿ, ಮೀಟಿಂಗಲ್ಲಿ ಗೋಡೆ ಮೇಲೆ ಚುಕ್ಕೆ ಬಿಡೋ ಪಾಯಿಂಟರ್ ಲೆಕ್ಕದ್ದು. ಇದ್ರಿಂದ ಮಿದುಳು ಬೇಯೋದು ಇರ್ಲಿ, ಬಿಸಿ ಕೂಡ ಆಗಲ್ಲ. ಅಮ್ಮಂಗೆ ಆ ಬೆರಳಿನ ಆಟ ತೋರಿಸಿ, ನನ್ನ ಇಷ್ಟುದ್ದ ಬರಹಕ್ಕಿಂತ ಅದು ಬೇಗ ಅರ್ಥ ಆಗುತ್ತೆ.

ಹಾಗಾದ್ರೆ ಏನೂ ಆಗಲ್ವಾ ಅಂದ್ರೆ, ಆಗುತ್ತೆ, ಆದ್ರೆ ಚಿಕ್ಕಪುಟ್ಟದ್ದು. ನೆತ್ತಿ ಒಣಗೋದು, ಕೆರೆತ, ಮುಟ್ಟಿದ್ರೆ ಸ್ವಲ್ಪ ನೋವು, ಬೆಚ್ಚಗನ್ಸೋದು, ಕೆಲವರಿಗೆ ತಲೆನೋವು. 2014ರಲ್ಲಿ ಪ್ರಕಟವಾದ ಲೇಸರ್ ಬಾಚಣಿಗೆ (ಇದೇ ಥರದ ಬೆಳಕು ಬಿಡೋ ಬಾಚಣಿಗೆ) ಟ್ರಯಲಲ್ಲಿ 128 ಗಂಡಸರು, 141 ಹೆಂಗಸರಿದ್ರು, ಕೆಲವರಿಗೆ ನಿಜವಾದ ಬಾಚಣಿಗೆ, ಉಳಿದವರಿಗೆ ನೋಡೋಕೆ ಹಾಗೇ ಇರೋ ಆದ್ರೆ ಲೇಸರ್ ಇಲ್ಲದ ಡಮ್ಮಿ ಕೊಟ್ಟು 26 ವಾರ ನೋಡಿದ್ರು. ನಿಜವಾದ್ದು ಬಳಸಿದೋರಿಗೆ ಚದರ ಸೆಂಟಿಮೀಟರಿಗೆ ಹೆಚ್ಚುಕಮ್ಮಿ 20 ಕೂದಲು ಜಾಸ್ತಿ ಆಯ್ತು, ಗಂಭೀರವಾದ ಸೈಡ್ ಎಫೆಕ್ಟ್ ಒಂದೂ ಬರ್ಲಿಲ್ಲ. ಈ ಥರದ ಟ್ರಯಲ್ಲುಗಳಲ್ಲಿ ತುಂಬಾನೇ ಮಷಿನ್ ಮಾರೋ ಕಂಪನಿಗಳ ದುಡ್ಡಲ್ಲೇ ನಡೆದಿರೋದು, ಹಾಗಾಗಿ ಆ 20ನ್ನ ನಾನು ಸ್ವಲ್ಪ ಉಪ್ಪು ಖಾರ ತೆಗೆದೇ ಓದ್ತೀನಿ. ಆದ್ರೆ ಸೇಫ್ಟಿ ವಿಷ್ಯದಲ್ಲಿ ಇಷ್ಟು ವರ್ಷ ಇಷ್ಟೊಂದು ಜನ ಬಳಸಿದ ಮೇಲೂ ದೊಡ್ಡ ಅನಾಹುತದ ಸುದ್ದಿ ಇಲ್ಲ ಅನ್ನೋದು ನನಗೆ ಕಂಪನಿ ಮಾತಿಗಿಂತ ಜಾಸ್ತಿ ಧೈರ್ಯ ಕೊಡುತ್ತೆ.

ಇಲ್ಲೊಂದು ಮಾತು, ಬಾಕ್ಸ್ ಮೇಲೆ "ಎಫ್‌ಡಿಎ ಅಪ್ರೂವ್ಡ್" ಅಂತ ದಪ್ಪಕ್ಷರದಲ್ಲಿ ಹಾಕಿರ್ತಾರೆ ನೋಡಿ, ಅದು ಅರ್ಧ ಸುಳ್ಳು. ಅಮೆರಿಕದಲ್ಲಿ ಔಷಧಿ, ವೈದ್ಯಕೀಯ ಸಾಧನಗಳನ್ನ ನಿಯಂತ್ರಿಸೋ ಎಫ್‌ಡಿಎ 2007ರಲ್ಲಿ ಗಂಡಸರಿಗೆ, 2011ರಲ್ಲಿ ಹೆಂಗಸರಿಗೆ ಅಂತ ಲೇಸರ್ ಬಾಚಣಿಗೆನ "ಕ್ಲಿಯರ್" ಮಾಡ್ತು, ಅಂದ್ರೆ ಈಗಾಗ್ಲೇ ಮಾರುಕಟ್ಟೇಲಿರೋ ಅಂಥದ್ದೇ ಸಾಧನಕ್ಕೆ ಇದು ಸಮ, ಮಾರ್ಕೊಳ್ಳಿ ಅಂತ. ಹೊಸ ಮಾತ್ರೆಗೆ ಅಪ್ರೂವಲ್ ಕೊಡುವಾಗ ಕೇಳೋಷ್ಟು ಪುರಾವೆ ಇದಕ್ಕೆ ಕೇಳಲ್ಲ. ಅದೂ ಆ ಒಂದು ಮಾಡೆಲ್ಲಿಗೆ ಸಿಕ್ಕಿದ ಅನುಮತಿ, ಅದನ್ನ ನೋಡ್ಕೊಂಡು ಯಾರೋ ಎಲ್ಲೋ ಮಾಡಿದ ಹೆಸರಿಲ್ಲದ ಹೆಲ್ಮೆಟ್ಟಿಗಲ್ಲ. ನಿಮ್ಮದರ ಮೇಲೆ ತರಂಗಾಂತರ ಎಷ್ಟು, ಲೇಸರ್ ಎಷ್ಟು ಎಲ್‌ಇಡಿ ಎಷ್ಟು, ಒಂದೊಂದರ ಪವರ್ ಎಷ್ಟು, ಲೇಸರ್ ಕ್ಲಾಸ್ ಯಾವ್ದು, ಇಷ್ಟು ಬರ್ದಿದೆಯಾ ನೋಡಿ. ಬರ್ದಿಲ್ಲ ಅಂದ್ರೆ ವಾಪಸ್ ಕಳಿಸೋ ದಾರಿ ಇದ್ರೆ ಕಳಿಸಿಬಿಡಿ, ನಾನಂತೂ ಅಂಥದ್ದನ್ನ ಯಾರ ತಲೆಗೂ ಹಾಕಲ್ಲ.

ಕ್ಲಾಸ್ ಯಾಕೆ ಕೇಳ್ದೆ ಅಂದ್ರೆ ಕಣ್ಣಿಗೋಸ್ಕರ. ನೆತ್ತಿಗಿಂತ ನನಗೆ ಕಣ್ಣಿನ ಚಿಂತೆ ಜಾಸ್ತಿ. ಎಲ್‌ಇಡಿ ಬೆಳಕು ಚೆದುರಿಕೊಂಡು ಹೋಗುತ್ತೆ, ಲೇಸರ್ ಹಾಗಲ್ಲ, ಸಣ್ಣ ಕಿರಣ ಕಣ್ಣೊಳಗೆ ಹೋದ್ರೆ ಕಣ್ಣಿನ ಲೆನ್ಸ್ ಅದನ್ನ ಇನ್ನೂ ಒಟ್ಟುಮಾಡಿ ರೆಟಿನಾ (ಕಣ್ಣಿನ ಹಿಂಭಾಗದ ಪರದೆ) ಮೇಲೆ ಸೂಜಿಮೊನೆಯಷ್ಟು ಜಾಗಕ್ಕೆ ಬಿಡುತ್ತೆ, ರೆಟಿನಾಗೆ ನೋವೇ ಗೊತ್ತಾಗಲ್ಲ, ಹಾಗಾಗಿ ಸುಟ್ರೂ ಆ ಕ್ಷಣಕ್ಕೆ ತಿಳಿಯಲ್ಲ. 1 ಮಿಲಿವ್ಯಾಟ್ ಒಳಗಿನ ಕ್ಲಾಸ್ 2 ಆದ್ರೆ ನಾವು ಕಣ್ಣು ಮಿಟುಕಿಸೋ ಕಾಲು ಸೆಕೆಂಡೇ ಸಾಕು, ಕಣ್ಣು ಉಳಿಯುತ್ತೆ. 5 ಮಿಲಿವ್ಯಾಟ್ ತನಕದ್ದು 3ಆರ್, ಅದನ್ನ ನೆಟ್ಟಗೆ ನೋಡ್ಬಾರ್ದು. ಒಳ್ಳೆ ಹೆಲ್ಮೆಟ್ಟಲ್ಲಿ ತಲೆ ಮೇಲಿಟ್ಟಾಗ ಮಾತ್ರ ಹತ್ತೋ ಸೆನ್ಸರ್ ಇರುತ್ತೆ. ನಿಮ್ಮದು ಕೈಯಲ್ಲಿ ಹಿಡ್ಕೊಂಡಾಗ್ಲೂ ಹತ್ತಿದ್ರೆ ಮೊದ್ಲು ತಲೆಗೆ ಹಾಕ್ಕೊಳ್ಳಿ ಆಮೇಲೆ ಸ್ವಿಚ್ ಒತ್ತಿ, ತೆಗೆಯುವಾಗ ಮೊದ್ಲು ಆಫ್. ಮನೇಲಿ ಚಿಕ್ಕ ಮಕ್ಕಳಿದ್ರೆ ಕೈಗೆಟುಕದ ಕಡೆ ಇಡಿ, ಹೆಲ್ಮೆಟ್ ಕಂಡ್ರೆ ಒಳಗೆ ಮುಖ ಹಾಕಿ ಬಗ್ಗಿ ನೋಡೋದೇ ಮಕ್ಕಳ ಮೊದಲ ಕೆಲಸ. 2019ರಲ್ಲಿ ಮೊಡವೆಗೆ ಅಂತ ಮಾರ್ತಿದ್ದ ಲೈಟ್ ಮಾಸ್ಕ್ ಒಂದನ್ನ ದೊಡ್ಡ ಕಂಪನಿಯೇ ಅಂಗಡಿಗಳಿಂದ ವಾಪಸ್ ತಗೊಂಡಿತ್ತು, ಮೊದಲೇ ಕೆಲವು ರೆಟಿನಾ ಕಾಯಿಲೆ ಇರೋರಿಗೆ, ಬೆಳಕಿಗೆ ಕಣ್ಣು ಸೂಕ್ಷ್ಮ ಆಗೋ ಮಾತ್ರೆ ತಗೊಳ್ಳೋರಿಗೆ ತೊಂದರೆ ಆಗಬಹುದು ಅಂತ. ಅದು ಮುಖಕ್ಕೆ ಹಾಕೋದು, ಇದು ತಲೆಗೆ, ಆದ್ರೂ ಮನೇಲಿ ಯಾರಿಗಾದ್ರೂ ರೆಟಿನಾ ಕಾಯಿಲೆ ಇದ್ರೆ ಕಣ್ಣಿನ ಡಾಕ್ಟ್ರನ್ನ ಕೇಳ್ದೆ ಬೇಡ.

ಈಗ ನಿಮ್ಮ ದಿನಾ 45 ನಿಮಿಷಕ್ಕೆ ಬರೋಣ. ವಾರಕ್ಕೆ 75 ನಿಮಿಷ ಇರಬೇಕಾದ ಕಡೆ ನೀವು 315 ನಿಮಿಷ ಕೂತಿದೀರಿ, ನಾಲ್ಕು ಪಟ್ಟಿಗೂ ಜಾಸ್ತಿ. ಬೈಯ್ಯಲ್ಲ, ಬರೋರಲ್ಲಿ ತುಂಬಾ ಜನ ಮಾಡೋದು ಇದನ್ನೇ. ಆದ್ರೆ ಈ ಚಿಕಿತ್ಸೆಯ ಗುಣವೇ ಬೇರೆ. ಕೆಂಪು ಬೆಳಕು ಕೋಶದೊಳಗಿನ ಮೈಟೋಕಾಂಡ್ರಿಯಾದಲ್ಲಿ ಸೈಟೋಕ್ರೋಮ್ ಸಿ ಆಕ್ಸಿಡೇಸ್ ಅನ್ನೋ ಕಿಣ್ವಕ್ಕೆ ತಾಗುತ್ತೆ, ಆಗ ಕೋಶದ ಇಂಧನ ಎಟಿಪಿ ಜಾಸ್ತಿ ಹುಟ್ಟುತ್ತೆ, ಮಲಗಿದ್ದ ಕೂದಲ ಬುಡ ಮತ್ತೆ ಬೆಳೆಯೋ ಹಂತಕ್ಕೆ ಬರುತ್ತೆ ಅನ್ನೋದು ಈಗ ಹೆಚ್ಚಿನವರು ಒಪ್ಪೋ ವಿವರಣೆ. ಇದೇ ಬೆಳಕು ಅಳತೆ ಮೀರಿದ್ರೆ ಚುರುಕು ಮಾಡೋದು ಬಿಟ್ಟು ಮಂಕು ಮಾಡೋಕೆ ಶುರು ಮಾಡುತ್ತೆ, ಲ್ಯಾಬಲ್ಲಿ ಕೋಶಗಳ ಮೇಲೆ ಇದನ್ನ ಮತ್ತೆ ಮತ್ತೆ ನೋಡಿದಾರೆ. ಅಂದ್ರೆ ಜಾಸ್ತಿ ಹೊತ್ತು ಕೂತ್ರೆ ಬೇಗ ಬರಲ್ಲ, ಬರೋದೂ ನಿಂತ್ರೂ ನಿಂತಿತು. ನೆತ್ತಿ ಸುಟ್ಟುಹೋಗುತ್ತೆ ಅಂತಲ್ಲ, ಒಣಗುತ್ತೆ ಕೆರೆಯುತ್ತೆ, ನಿಮಗೆ ಈಗ ಆಗಿರೋದು ಬಹುಶಃ ಅದೇ. ಒಂದೆರಡು ವಾರ ಬಿಟ್ರೆ ತಾನಾಗೇ ಹೋಗ್ಬೇಕು, ಹೋಗ್ಲಿಲ್ಲ ಅಂದ್ರೆ ಹೊಟ್ಟು, ಫಂಗಸ್ಸು, ಇಲ್ಲಾ ಹಚ್ಕೊಳ್ಳೋ ಯಾವುದಾದ್ರೂ ಲೋಷನ್ ಅಲರ್ಜಿ ಇರಬಹುದು.

ಚರ್ಮದ ಬಣ್ಣದ ವಿಷ್ಯ ಯಾರೂ ಕೇಳಲ್ಲ, ನಾನೇ ಹೇಳ್ತೀನಿ. 1975ರಲ್ಲಿ ಫಿಟ್ಜ್‌ಪ್ಯಾಟ್ರಿಕ್ ಅನ್ನೋ ಡಾಕ್ಟ್ರು ಚರ್ಮನ ಬಿಸಿಲಿಗೆ ಹೇಗೆ ವರ್ತಿಸುತ್ತೆ ಅಂತ ವಿಂಗಡಿಸಿದ್ರು, ಅದೇ ಬೆಳೆದು ಈಗ ತುಂಬಾ ಬೆಳ್ಳಗಿನ 1ರಿಂದ ತುಂಬಾ ಕಪ್ಪಿನ 6ರ ತನಕ ಆರು ಟೈಪ್ ಇದೆ. ಲೇಸರ್ ಬಾಚಣಿಗೆಗೆ ಎಫ್‌ಡಿಎ ಅನುಮತಿ ಕೊಟ್ಟಿದ್ದು 1ರಿಂದ 4ರ ತನಕ ಮಾತ್ರ. ಕಪ್ಪು ಚರ್ಮದಲ್ಲಿ ಮೆಲನಿನ್ ಜಾಸ್ತಿ, ಅದು ಬೆಳಕನ್ನ ಹೀರಿ ಬಿಸಿ ಮಾಡುತ್ತೆ. 2020ರಲ್ಲಿ ಬಂದ ಕೆಂಪು ಎಲ್‌ಇಡಿ ಟ್ರಯಲಲ್ಲಿ ಬಿಳಿಯರ ಚರ್ಮ ಚದರ ಸೆಂಟಿಮೀಟರಿಗೆ 480 ಜೂಲ್ ತನಕ ತಡ್ಕೊಂಡ್ರೆ ಕಂದು, ಕಪ್ಪು ಚರ್ಮ 320 ಜೂಲಿಗೇ ನಿಂತಿತು. ಹೆದರ್ಬೇಡಿ, ಮನೆ ಹೆಲ್ಮೆಟ್ ಒಂದು ಸಲಕ್ಕೆ ಕೊಡೋದು ಅದರ ಹತ್ತಿರಕ್ಕೂ ಬರಲ್ಲ. ಆದ್ರೆ ಕಪ್ಪು ಚರ್ಮದವರು ಮೊದಲ ಎರಡು ವಾರ ಅರ್ಧ ಹೊತ್ತು ಹಾಕಿ ನೋಡಿ ಅಂತ ನಾನು ಹೇಳೋದು ಇದಕ್ಕೇ. ನೆತ್ತಿ ಮೇಲೆ ಟ್ಯಾಟೂ ಇರೋರು, ಬೋಳು ಮುಚ್ಚೋಕೆ ಚುಕ್ಕೆ ಚುಕ್ಕೆ ಬಣ್ಣ ಹಾಕಿಸ್ಕೊಂಡಿರೋರು ಕೂಡ ಅಷ್ಟೇ, ಆ ಇಂಕೂ ಬೆಳಕು ಹೀರುತ್ತೆ.

ನಿಮ್ಮ ಡಾಕ್ಸಿಸೈಕ್ಲಿನ್. ಅದು ಬಿಸಿಲಿಗೆ ಚರ್ಮನ ಸೂಕ್ಷ್ಮ ಮಾಡೋದು ನಿಜ, ಆದ್ರೆ ಮುಖ್ಯವಾಗಿ ಅಲ್ಟ್ರಾವಯಲೆಟ್ ಎ ಜೊತೆ, 650ರ ಕೆಂಪಿನ ಜೊತೆ ಅದಕ್ಕೆ ಅಷ್ಟು ಜಗಳ ಇಲ್ಲ. ಆದ್ರೂ ಇಂಥ ಮಾತ್ರೆ ತಗೊಳ್ಳುವಾಗ ಬೇಡ ಅಂತ ಹೆಲ್ಮೆಟ್ಟಿನ ಕೈಪಿಡಿಗಳಲ್ಲಿ ಸಾಮಾನ್ಯವಾಗಿ ಬರ್ದಿರ್ತಾರೆ, ಮೊಡವೆ ಕೋರ್ಸ್ ಹೇಗೂ ಕೆಲವು ವಾರದಲ್ಲಿ ಮುಗಿಯೋದು, ಅದು ಮುಗಿದ ಮೇಲೆ ನೋಡೋಣ, ಅವಸರ ಏನಿದೆ. ನಿಜವಾಗಿ ಹೆದರಬೇಕಾದ್ದು ಕೆಂಪು ಬೆಳಕನ್ನೇ ಹೀರೋ ಔಷಧಿಗಳಿಗೆ. ಮೆಥಿಲೀನ್ ಬ್ಲೂ ಅನ್ನೋ ನೀಲಿ ಬಣ್ಣದ ಔಷಧಿ 660ರ ಹತ್ತಿರ ಹೀರುತ್ತೆ, ಅಂದ್ರೆ ಹೆಚ್ಚುಕಮ್ಮಿ ಹೆಲ್ಮೆಟ್ಟಿನದೇ ಬಣ್ಣ. ಫೋಟೋಡೈನಾಮಿಕ್ ಥೆರಪಿ ಅಂತ ಕ್ಯಾನ್ಸರಿಗೆ ಕೊಡೋ ಔಷಧಿಗಳಿವೆ, ಮೈಗೆ ಔಷಧಿ ಕೊಟ್ಟು ಆಮೇಲೆ 630 ಸುತ್ತಿನ ಕೆಂಪು ಬೆಳಕು ಬಿಟ್ಟು ಕೆಟ್ಟ ಕೋಶನ ಸುಡೋದು, ಅಂಥದ್ದು ಮಾಡಿಸ್ಕೊಂಡು ವಾರಗಳಷ್ಟೇ ಆಗಿರೋರು ಈ ಹೆಲ್ಮೆಟ್ ಹತ್ತಿರಾನೂ ಹೋಗ್ಬಾರ್ದು. ಲೂಪಸ್, ಪೋರ್ಫೈರಿಯಾ ಥರ ಬೆಳಕಿಗೆ ಚರ್ಮ ಕೆರಳೋ ಕಾಯಿಲೆ ಇರೋರೂ ಬೇಡ. ಗರ್ಭಿಣಿಯರ ಮೇಲೆ ಇದನ್ನ ಪರೀಕ್ಷೆ ಮಾಡಿಲ್ಲ, ಅದಕ್ಕೆ ಒಂಬತ್ತು ತಿಂಗಳು ಪಕ್ಕಕ್ಕಿಡಿ ಅಂತೀನಿ.

ಈಗ ಆ ಜ್ವರ. ಜೋರು ಜ್ವರ, ಆಪರೇಷನ್, ಹೆರಿಗೆ, ಇಂಥದ್ದೇನಾದ್ರೂ ಆದ್ರೆ ತಲೆಯಲ್ಲಿ ತುಂಬಾ ಕೂದಲು ಒಟ್ಟಿಗೆ ಮಲಗೋ ಹಂತಕ್ಕೆ ಹೋಗಿಬಿಡ್ತವೆ, ಎರಡರಿಂದ ನಾಲ್ಕು ತಿಂಗಳಾದ ಮೇಲೆ ಒಟ್ಟಿಗೆ ಉದುರ್ತವೆ. ನಿಮ್ಮ ಜ್ವರಕ್ಕೆ ಮೂರು ತಿಂಗಳು, ಉದುರೋದು ಜಾಸ್ತಿ ಆಗಿದ್ದು ಈಗ. ತಾರೀಕು ಎಷ್ಟು ಸರಿಯಾಗಿ ಕೂರ್ತಿದೆ ನೋಡಿ. ಹೆಲ್ಮೆಟ್ ಹಾಕಿದ ಮೊದಲ ಒಂದೆರಡು ತಿಂಗಳಲ್ಲೂ ಕೆಲವರಿಗೆ ಸ್ವಲ್ಪ ಜಾಸ್ತಿ ಉದುರುತ್ತೆ, ಹಳೇ ಕೂದಲು ಜಾಗ ಬಿಟ್ಟು ಹೊಸದು ಬರೋಕೆ, ಆದ್ರೆ ನಿಮ್ಮ ಕೇಸಲ್ಲಿ ನನ್ನ ಅನುಮಾನ ಜ್ವರದ ಮೇಲೇ ಜಾಸ್ತಿ. ಒಂದು ಕೆಲಸ ಮಾಡಿ. ತಲೆ ತೊಳೆದು ಒಂದು ದಿನ ಆದ ಮೇಲೆ ಐವತ್ತು ಅರವತ್ತು ಕೂದಲನ್ನ ಒಟ್ಟಿಗೆ ಬೆರಳ ಮಧ್ಯೆ ಬುಡದ ಹತ್ತಿರ ಹಿಡಿದು, ಕೀಳದೆ, ಮೆಲ್ಲಗೆ ತುದಿ ತನಕ ಜಾರಿಸ್ಕೊಂಡು ಬನ್ನಿ. ಒಂದೆರಡು ಬಂದ್ರೆ ಏನಿಲ್ಲ, ಆರಕ್ಕಿಂತ ಜಾಸ್ತಿ ಬಂದ್ರೆ ಉದುರೋದು ಜೋರಿದೆ ಅಂತ. ಬಂದಿದ್ದನ್ನ ಕಪ್ಪು ಬಟ್ಟೆ ಮೇಲಿಟ್ಟು ನೋಡಿ, ಬುಡದಲ್ಲಿ ಸಣ್ಣ ಬಿಳಿ ಗಂಟು ಕಂಡ್ರೆ ಅದು ಮಲಗಿದ್ದ ಕೂದಲು, ಹೋಗೋ ಟೈಮಿಗೆ ಹೋಗಿದೆ. ಇದು ನಿಜವಾಗ್ಲೂ ಜ್ವರದ್ದೇ ಆದ್ರೆ ಯಾವ ಹೆಲ್ಮೆಟ್ಟೂ ಬೇಡ, ಸುಮಾರು ಆರು ತಿಂಗಳಲ್ಲಿ ತಾನೇ ಹಿಡಿತಕ್ಕೆ ಬರುತ್ತೆ.

ಆದ್ರೆ ಎರಡು ವರ್ಷದ ಬೈತಲೆ ಅಗಲ ಅದು ಬೇರೆ ಕಥೆ, ಜ್ವರಕ್ಕಿಂತ ಮುಂಚಿಂದು. ಅದು ವಂಶದಿಂದ ಬರೋ ಸಾಮಾನ್ಯ ತೆಳುವಾಗೋದಾಗಿದ್ರೆ ಹೆಲ್ಮೆಟ್ಟಿಗೆ ಮುಂದೆ ಜಾಗ ಇದೆ. ಥೈರಾಯ್ಡ್ ಏರುಪೇರು, ಕಬ್ಬಿಣದಂಶ ಕಮ್ಮಿ ಇರೋದಾಗಿದ್ರೆ ಇಲ್ಲ, ಹಾಗಾಗಿ ಹಿಮೋಗ್ಲೋಬಿನ್, ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣ), ಟಿಎಸ್ಎಚ್ (ಥೈರಾಯ್ಡ್) ರಕ್ತ ಪರೀಕ್ಷೆ ಮಾಡಿಸಿ. ನನ್ನ ಹತ್ರ ಒಬ್ಬರು ಬಂದಿದ್ರು, ಎಂಟು ತಿಂಗಳು ತಪ್ಪದೆ ಹೆಲ್ಮೆಟ್ ಹಾಕ್ಕೊಂಡಿದಾರೆ, ನೆತ್ತಿ ಉರಿ ಉರಿ ಅಂದ್ರೆ ಲೈಟಿನ ಸೈಡ್ ಎಫೆಕ್ಟ್ ಅಂತ ಸಹಿಸ್ಕೊಂಡಿದಾರೆ. ಲೆನ್ಸ್ ಇಟ್ಟು ನೋಡಿದ್ರೆ ಕೂದಲ ಬುಡದ ಸುತ್ತ ಕೆಂಪು ಉಂಗುರ, ಬಿಳಿ ಹೊಟ್ಟು ಅಂಟ್ಕೊಂಡಿದೆ, ಅಲ್ಲಲ್ಲಿ ಚರ್ಮ ನುಣ್ಣಗೆ ಹೊಳೀತಿದೆ, ರಂಧ್ರಗಳೇ ಮುಚ್ಚಿಹೋಗಿವೆ. ಲೈಕನ್ ಪ್ಲಾನೋಪಿಲಾರಿಸ್, ಕೂದಲ ಬುಡನೇ ಕಲೆಯಾಗಿ ಸಾಯೋ ಕಾಯಿಲೆ. ಅದಕ್ಕೆ ಬೇಗ ಮಾತ್ರೆ, ಇಂಜೆಕ್ಷನ್ ಶುರು ಮಾಡಿದ್ರೆ ಇರೋದನ್ನ ಉಳಿಸ್ಕೋಬಹುದಿತ್ತು, ಹೋದ ಜಾಗದಲ್ಲಿ ಮತ್ತೆ ಬರಲ್ಲ. ಆ ಹೆಲ್ಮೆಟ್ ಅವರಿಗೆ ಏನೂ ಕೆಡುಕು ಮಾಡ್ಲಿಲ್ಲ, ಎಂಟು ತಿಂಗಳು ಮಾತ್ರ ತಿಂದುಹಾಕ್ತು. ಈ ಚಿಕಿತ್ಸೆ ಸೇಫಾ ಅಂತ ಯಾರಾದ್ರೂ ಕೇಳಿದಾಗ ನನ್ನ ಕಣ್ಮುಂದೆ ಬರೋದು ಆ ನುಣ್ಣಗಿನ ಜಾಗಗಳೇ. ಅದಕ್ಕೇ ನಿಮ್ಮ ನೆತ್ತೀನ ಚರ್ಮದ ಡಾಕ್ಟ್ರೊಬ್ಬರು ಲೆನ್ಸಲ್ಲಿ ಒಮ್ಮೆ ನೋಡೋ ತನಕ ಹೆಲ್ಮೆಟ್ ಎತ್ತಿಡಿ ಅಂದಿದ್ದು.

ನೋಡಿಸಿ, ವಂಶದ್ದೇ ಅಂತ ಆಯ್ತು, ಡಾಕ್ಸಿಸೈಕ್ಲಿನ್ ಮುಗೀತು ಅಂದ್ಕೊಳ್ಳಿ. ಆಗ ಮತ್ತೆ ಶುರು ಮಾಡಿ, ಬಾಕ್ಸಲ್ಲಿ ಬರ್ದಿರೋ 25 ನಿಮಿಷ, ವಾರಕ್ಕೆ ಮೂರೇ ಸಲ. ಎಣ್ಣೆ ಹಚ್ಕೊಂಡು ಕೂರ್ಬೇಡಿ, ಒದ್ದೆ ಕೂದಲಲ್ಲೂ ಬೇಡ, ಬೈತಲೆ ತೆಗೆದು ಚರ್ಮ ಕಾಣೋ ಹಾಗೆ ಇಟ್ಕೊಳ್ಳಿ, ದಪ್ಪ ಕೂದಲು ಬೆಳಕನ್ನ ಮೇಲೇ ತಡೆಯುತ್ತೆ. ಮಿನಾಕ್ಸಿಡಿಲ್ ಅನ್ನೋ ಕೂದಲು ಬೆಳೆಸೋ ಲೋಷನ್ ಹಚ್ತಿದ್ರೆ ಹೆಲ್ಮೆಟ್ ಮೊದ್ಲು, ಅದು ಆಮೇಲೆ. ಹೆಲ್ಮೆಟ್ ಚಾರ್ಜಿಗೆ ಹಾಕ್ಕೊಂಡೇ ತಲೆಗೆ ಹಾಕ್ಬೇಡಿ, ಹಾಕ್ಕೊಂಡು ನಿದ್ದೆ ಮಾಡ್ಬೇಡಿ, ಒಳಗಿರೋದು ಲಿಥಿಯಂ ಬ್ಯಾಟರಿ, ಅದು ಬಿಸಿಯಾದ್ರೆ ಲೇಸರಿಗಿಂತ ಅದೇ ಅಪಾಯ. ಮೊದಲ ದಿನ ಒಂದು ಫೋಟೋ ತೆಗೆದಿಡಿ, ಒಂದೇ ಜಾಗ, ಒಂದೇ ಬೆಳಕು, ಒಂದೇ ಬೈತಲೆ. ಕೂದಲು ಬೆಳೆಯೋದು ತಿಂಗಳಿಗೆ ಸುಮಾರು 1 ಸೆಂಟಿಮೀಟರ್, ಹಾಗಾಗಿ ಆರು ತಿಂಗಳ ಮುಂಚೆ ಕನ್ನಡಿ ಮುಂದೆ ನಿಂತು ತೀರ್ಮಾನ ಮಾಡೋದ್ರಲ್ಲಿ ಅರ್ಥ ಇಲ್ಲ. ಫಲ ಬಂದ್ರೂ ನಿಲ್ಲಿಸಿದ ಮೇಲೆ ಬಂದಿದ್ದು ಮೆಲ್ಲಗೆ ವಾಪಸ್ ಹೋಗುತ್ತೆ, ಅದನ್ನೂ ತಲೇಲಿಟ್ಕೊಳ್ಳಿ. ಆರು ತಿಂಗಳಾದ್ರೂ ಫೋಟೋದಲ್ಲಿ ವ್ಯತ್ಯಾಸ ಇಲ್ಲ ಅಂದ್ರೆ ಹೆಲ್ಮೆಟ್ಟಿನ ಮೇಲೆ ಹಟ ಹಿಡೀಬೇಡಿ.

ಯಜಮಾನ್ರ ವಿಷ್ಯ, ಹಾಕ್ಕೋಬಹುದು, ಪ್ರತಿ ಸಲ ಒಳಗಡೆ ಕೈಪಿಡೀಲಿ ಹೇಳಿರೋ ಹಾಗೆ ಒರೆಸಿ, ಇಬ್ಬರಲ್ಲಿ ಯಾರಿಗಾದ್ರೂ ಹೊಟ್ಟು, ಗುಳ್ಳೆ, ಫಂಗಸ್ ಇದ್ದಾಗ ಮಾತ್ರ ಹಂಚ್ಕೋಬೇಡಿ. ಅವರಿಗೆ ನೆತ್ತಿ ತೆಳುವಾಗ್ತಿದ್ರೆ ಸರಿ. ಪೂರ್ತಿ ನುಣ್ಣಗಾಗಿ ವರ್ಷಗಳೇ ಕಳೆದಿದ್ರೆ ಅವರಿಗೆ ಆ 25 ನಿಮಿಷ ಬೇರೆ ಏನಾದ್ರೂ ಕೆಲಸ ಹೇಳಿ, ಬೆಳಕು ಎಬ್ಬಿಸಬೇಕಾದ ಬುಡ ಅಲ್ಲಿ ಉಳಿದಿರಲ್ಲ.